ಗಾಳಿಯಿಲ್ಲದ ದಿನ ಉಕ್ಕುವ ಕಡಲು

2008ರ ಡಿಸೆಂಬರ್ ಎರಡನೆಯ ವಾರದಲ್ಲಿ ಪಶ್ಚಿಮ ಪೆಸಿಫಿಕ್ ಸಾಗರದ ತಗ್ಗು ದ್ವೀಪಗಳ ಮೇಲೆ ಸಮುದ್ರ ಏರಿ ಬಂತು. ಮೈಕ್ರೊನೇಷ್ಯಾ, ಮಾರ್ಷಲ್ ದ್ವೀಪಗಳು, ಕಿರಿಬಾಟಿ, ಪಪುವಾ ನ್ಯೂಗಿನಿ, ಸಾಲೊಮನ್ ದ್ವೀಪಗಳು ಹೀಗೆ ಐದು ರಾಷ್ಟ್ರಗಳ ತೀರಗಳಲ್ಲಿ ಅಲೆಗಳು ಮನೆಗಳೊಳಗೆ ನುಗ್ಗಿದವು, ಬಾವಿಗಳನ್ನು ಉಪ್ಪಾಗಿಸಿದವು, ಕೆಸುವಿನ ಗುಂಡಿಗಳನ್ನು ತುಂಬಿದವು. ಸುಮಾರು ಒಂದು ಲಕ್ಷ ಜನ ಸಂಕಟಕ್ಕೀಡಾದರು. ಈ ಅಲೆಗಳನ್ನು ಎಬ್ಬಿಸಿದ್ದು ಆ ದ್ವೀಪಗಳ ಆಸುಪಾಸಿನ ಚಂಡಮಾರುತವಲ್ಲ. ಸಾವಿರಾರು ಕಿಲೊಮೀಟರ್ ಉತ್ತರದಲ್ಲಿ, ಶೀತಲ ಸಾಗರದ ನಡುವೆ ಎದ್ದು ಅಲ್ಲಿಯೇ ಅಡಗಿಹೋದ ಎರಡು ಬಿರುಗಾಳಿಗಳು ಅದಕ್ಕೆ ಕಾರಣವಾಗಿದ್ದವು. ಅಲೆಗಳು ದಡ ಮುಟ್ಟುವ ಹೊತ್ತಿಗೆ ಅವುಗಳ ತಾಯಿಯಾದ ಬಿರುಗಾಳಿ ಉಳಿದೇ ಇರುವುದಿಲ್ಲ ಎಂಬುದು ಈ ಬಗೆಯ ಅನಾಹುತದ ವೈಚಿತ್ರ್ಯ.

ಉಷ್ಣವಲಯದ ಪೆಸಿಫಿಕ್ ದ್ವೀಪಗಳೆಂದೊಡನೆ ನಮ್ಮ ಪತ್ರಿಕೆಗಳಲ್ಲಿ ಎರಡೇ ಚಿತ್ರಗಳು ಮೂಡುತ್ತವೆ. ಒಂದು ಪ್ರವಾಸಿ ಜಾಹೀರಾತಿನ ನೀಲಿ ಕಡಲು. ಮತ್ತೊಂದು ಶತಮಾನದ ಅಂತ್ಯಕ್ಕೆ ಮುಳುಗಿಹೋಗಲಿರುವ ನಾಡು. ಎರಡರಲ್ಲಿಯೂ ಅಲ್ಲಿ ಇಂದು ಬದುಕುತ್ತಿರುವ ಮನುಷ್ಯನಿಗೆ ಜಾಗವಿಲ್ಲ. ಅವನ ಬದುಕು ನಿರ್ಧಾರವಾಗುವುದು ಮುಂದಿನ ವಾರದ ಅಲೆಯಿಂದ, ಮುಂದಿನ ಋತುವಿನ ಮಳೆಯಿಂದ. ಇವೆರಡನ್ನೂ ಮುಂಚಿತವಾಗಿ ಹೇಳುವುದು ಇಂದಿನ ವಿಜ್ಞಾನಕ್ಕೆ ಬಹುಮಟ್ಟಿಗೆ ಸಾಧ್ಯವಿದೆ. ಹಾಗಿದ್ದೂ ಆ ಮಾತು ಅವನನ್ನು ತಲುಪುತ್ತಿದೆಯೇ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ.

ಮೊದಲು ಆ ನೆಲದ ಸ್ವರೂಪವನ್ನು ಗಮನಿಸಬೇಕು. ಬರೆಯುವಾಗ ಕಿರಿಬಾಟಿಯಾಗಿ, ಉಚ್ಚಾರದಲ್ಲಿ ಕಿರಿಬಾಸ್ ಆಗುವ ದೇಶದ ಒಟ್ಟು ನೆಲ 811 ಚದರ ಕಿಲೊಮೀಟರ್. ಹೆಚ್ಚು ಕಡಿಮೆ ನಮ್ಮ ಬೆಂಗಳೂರು ನಗರದಷ್ಟು. ಆದರೆ ಅದರ 33 ದ್ವೀಪಗಳು ಚೆದುರಿ ಬಿದ್ದಿರುವ ಸಮುದ್ರದ ಹರವು ಸುಮಾರು 35 ಲಕ್ಷ ಚದರ ಕಿಲೊಮೀಟರ್, ಅಂದರೆ ಇಡೀ ಭಾರತದ ಭೂಪ್ರದೇಶಕ್ಕಿಂತ ಹೆಚ್ಚು. ಈ ದ್ವೀಪಗಳಲ್ಲಿ ಬಹುತೇಕ ಎಲ್ಲವೂ ಹವಳದ ಉಂಗುರಗಳು. ಎಂದೋ ಮುಳುಗಿದ ಜ್ವಾಲಾಮುಖಿಯ ನೆತ್ತಿಯ ಸುತ್ತ ಹವಳಜೀವಿಗಳು ಕಟ್ಟಿದ ಕೋಟೆಯ ಮೇಲೆ, ಅಲೆಗಳೇ ತಂದು ಒಟ್ಟಿದ ಮರಳು ಮತ್ತು ಹವಳದ ಪುಡಿ. ಸಮುದ್ರಮಟ್ಟದಿಂದ ಎತ್ತರ ಎರಡು ಮೂರು ಮೀಟರ್. ಟುವಾಲು ದೇಶದ ರಾಜಧಾನಿ ಫುನಾಫುಟಿಯ ಮುಖ್ಯ ದ್ವೀಪ ಕೆಲವೆಡೆ ಇಪ್ಪತ್ತು ಮೀಟರಿನಷ್ಟೇ ಅಗಲ. ರಸ್ತೆಯ ಎಡಬಲಗಳೆರಡರಲ್ಲಿಯೂ ಕಡಲು.

ಇಂತಹ ನೆಲದಲ್ಲಿ ಸಿಹಿನೀರು ಎಲ್ಲಿಂದ ಬರಬೇಕು? ಹೊಳೆಯಿಲ್ಲ, ಕೆರೆಯಿಲ್ಲ. ಸುರಿದ ಮಳೆ ಮರಳಿನೊಳಗೆ ಇಳಿದು, ಕೆಳಗಿನ ಉಪ್ಪುನೀರಿಗಿಂತ ಹಗುರವಾದ ಕಾರಣ ಅದರ ಮೇಲೆ ತೆಳ್ಳಗೆ ತೇಲುತ್ತದೆ. ನಡುವೆ ದಪ್ಪಗೆ, ಅಂಚಿನಲ್ಲಿ ತೆಳ್ಳಗೆ ಇರುವ ಆ ನೀರಿನ ಪದರ ಮಸೂರದ ಆಕಾರದ್ದು. ಬಾವಿ ತೋಡುವುದು ಆ ಪದರಕ್ಕೇ. ಕಿರಿಬಾಟಿಯ ಜನ ‘ಬಬಾಯ್’ ಎಂದು ಕರೆಯುವ ದೊಡ್ಡ ಜಾತಿಯ ಕೆಸುವನ್ನು ಬೆಳೆಯುವುದೂ ಆ ತೇವ ಸಿಗುವವರೆಗೆ ಅಗೆದ ಗುಂಡಿಗಳಲ್ಲೇ. ಒಂದೇ ಒಂದು ದೊಡ್ಡ ಅಲೆ ದ್ವೀಪವನ್ನು ಹಾಯ್ದುಹೋದರೆ ಉಪ್ಪು ಮೇಲಿನಿಂದ ಇಳಿದು ಆ ಪದರವನ್ನು ಕೆಡಿಸುತ್ತದೆ. ಮಳೆ ಅದನ್ನು ಮತ್ತೆ ತೊಳೆದು ಸಿಹಿಯಾಗಿಸಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕು. ನೀರು ಬಂದದ್ದು ಕೆಲವು ತಾಸು. ಅದು ಮಾಡಿಹೋದ ಹಾನಿಯ ಅವಧಿ ಬೇರೆ.

ದೂರದ ಬಿರುಗಾಳಿಯ ಅಲೆ ಇಷ್ಟು ಶಕ್ತಿಯನ್ನು ಉಳಿಸಿಕೊಳ್ಳುವುದು ಹೇಗೆ? ಬಿರುಗಾಳಿಯ ಕೆಳಗೆ ಸಮುದ್ರ ಕಲಕಿದ ಪಾತ್ರೆಯಂತಿರುತ್ತದೆ. ಎಲ್ಲ ಗಾತ್ರದ ಅಲೆಗಳೂ ಅಲ್ಲಿ ಬೆರೆತಿರುತ್ತವೆ. ಅಲ್ಲಿಂದ ಹೊರಬಿದ್ದಂತೆ ಸಣ್ಣ ಅಲೆಗಳು ಬೇಗ ಅಳಿಯುತ್ತವೆ, ಉದ್ದನೆಯವು ಉಳಿಯುತ್ತವೆ. ಹದಿನೈದು ಸೆಕೆಂಡಿಗೊಂದರಂತೆ ಬರುವ ಉಬ್ಬಲೆಗಳ ಸಾಲು ಗಂಟೆಗೆ ಸುಮಾರು 40 ಕಿಲೊಮೀಟರ್ ವೇಗದಲ್ಲಿ ಸಾಗುತ್ತದೆ. ನಾಲ್ಕು ಸಾವಿರ ಕಿಲೊಮೀಟರ್ ಕ್ರಮಿಸಲು ನಾಲ್ಕು ದಿನ. ತೆರೆದ ಕಡಲಿನಲ್ಲಿ ಹಡಗಿನವರಿಗೆ ಅದು ಬರಿಯ ತೂಗಾಟ. ಹವಳದ ದಿಬ್ಬದ ಅಂಚಿಗೆ ಬಂದೊಡನೆ ಮಾತ್ರ ಅಲೆ ಎದ್ದು ಒಡೆಯುತ್ತದೆ. ಒಂದರ ಹಿಂದೊಂದು ಒಡೆದ ನೀರಿಗೆ ಹಿಂದಿರುಗಲು ಎಡೆ ಸಿಗದೆ ದಿಬ್ಬದ ಮೇಲೆ ರಾಶಿಯಾಗಿ ದಡದತ್ತ ಏರುತ್ತದೆ. ಅದೇ ದಿನ ಹುಣ್ಣಿಮೆಯ ಅಥವಾ ಅಮಾವಾಸ್ಯೆಯ ಉಬ್ಬರವೂ ಕೂಡಿಕೊಂಡರೆ, ಎಲೆ ಅಲ್ಲಾಡದ ಬಿಸಿಲಿನಲ್ಲಿಯೂ ಊರೊಳಗೆ ಪ್ರವಾಹ.

ಸಾಗರವಿಜ್ಞಾನಿ ವಾಲ್ಟರ್ ಮಂಕ್ ಮತ್ತು ಸಂಗಡಿಗರು 1963ರಲ್ಲಿ ದಕ್ಷಿಣ ಧ್ರುವದ ಕಡೆ ಹುಟ್ಟಿದ ಅಲೆಗಳನ್ನು ನ್ಯೂಜಿಲೆಂಡ್, ಸಮೋವಾ, ಪಾಲ್ಮೈರಾ, ಹವಾಯಿಗಳ ಮೂಲಕ ಅಲಾಸ್ಕದವರೆಗೆ ಬೆನ್ನಟ್ಟಿ ಅಳೆದರು. ಅರ್ಧ ಭೂಮಂಡಲವನ್ನು ದಾಟಿಯೂ ಅಲೆಗಳು ತಮ್ಮ ಗುರುತನ್ನು ಬಿಟ್ಟುಕೊಟ್ಟಿರಲಿಲ್ಲ. ಎಂದ ಮೇಲೆ ಇವುಗಳನ್ನು ದಿನಗಳ ಮೊದಲೇ ಲೆಕ್ಕಹಾಕಬಹುದೆಂಬುದು ಅರವತ್ತು ವರ್ಷಗಳಿಂದ ತಿಳಿದ ಸಂಗತಿ.

ದ್ವೀಪವಾಸಿಗಳಿಗೆ ಇದು ಅದಕ್ಕೂ ಎಷ್ಟೋ ಮೊದಲು ತಿಳಿದಿತ್ತು. ಮಾರ್ಷಲ್ ದ್ವೀಪಗಳ ನಾವಿಕರು ತೆಂಗಿನ ಗರಿಯ ಕಡ್ಡಿಗಳನ್ನು ಕಟ್ಟಿ, ನಾವು ಪೊರಕೆ ಮಾಡುವ ಅದೇ ಕಡ್ಡಿಗಳನ್ನು, ಕಡಲಿನ ನಕ್ಷೆ ಮಾಡುತ್ತಿದ್ದರು. ಬಾಗಿದ ಕಡ್ಡಿ ಅಲೆಯ ದಿಕ್ಕನ್ನು ತೋರಿಸಿದರೆ, ಕಟ್ಟಿದ ಕವಡೆ ದ್ವೀಪವನ್ನು ತೋರಿಸುತ್ತಿತ್ತು. ದ್ವೀಪಕ್ಕೆ ಬಡಿದ ಉಬ್ಬಲೆ ಹೇಗೆ ಬಳುಕುತ್ತದೆ, ಎರಡು ದಿಕ್ಕಿನ ಅಲೆಗಳು ಎಲ್ಲಿ ಸಂಧಿಸುತ್ತವೆ ಎಂಬ ಪಾಠ ಅದರಲ್ಲಿ ಅಡಗಿತ್ತು. ನಕ್ಷೆಯನ್ನು ದೋಣಿಗೆ ಒಯ್ಯುತ್ತಿರಲಿಲ್ಲ. ದಡದಲ್ಲೇ ಕಂಠಪಾಠ ಮಾಡಿಕೊಂಡು ಹೊರಡುತ್ತಿದ್ದರು. ಕತ್ತಲಲ್ಲಿ ದೋಣಿಯ ತಳದಲ್ಲಿ ಮಲಗಿ, ಮೈಗೆ ತಾಗುವ ತೂಗಾಟದಿಂದಲೇ ದಾರಿ ಅರಿಯುವವರಿದ್ದರು. ಮೈಕ್ರೊನೇಷ್ಯಾದ ಪುಟ್ಟ ದ್ವೀಪ ಸಾತವಾಲಿನ ಮೌ ಪಿಯಾಯ್ಲುಗ್ 1976ರಲ್ಲಿ ‘ಹೊಕುಲೆಯಾ’ ಎಂಬ ಜೋಡಿದೋಣಿಯನ್ನು ಹವಾಯಿಯಿಂದ ಟಹೀಟಿಗೆ ಯಾವ ಉಪಕರಣವೂ ಇಲ್ಲದೆ ನಡೆಸಿದಾಗ ಜಗತ್ತು ಬೆರಗಾಯಿತು. ಬೆರಗಾಗಬೇಕಾದದ್ದು ಅಂತಹ ವಿದ್ಯೆ ಇದ್ದುದಕ್ಕಲ್ಲ, ಅದು ಅಷ್ಟು ಬೇಗ ಕೆಲವೇ ಮಂದಿಯಲ್ಲಿ ಉಳಿಯುವ ಸ್ಥಿತಿಗೆ ಬಂದುದಕ್ಕೆ ಎಂದು ನನಗನ್ನಿಸುತ್ತದೆ.

ಹೊರಗಿನವರು ಈ ಕಡಲನ್ನು ಅರಿಯದೆ ತೆತ್ತ ಬೆಲೆಗೂ ಚರಿತ್ರೆಯಲ್ಲಿ ದಾಖಲೆಯುಂಟು. 1943ರ ನವೆಂಬರ್ 20ರಂದು ಕಿರಿಬಾಟಿಯ ತಾರಾವಾದ ಬೇಟಿಯೊ ದ್ವೀಪಕ್ಕೆ ಅಮೆರಿಕದ ಸೈನಿಕರು ದೋಣಿಗಳಲ್ಲಿ ಲಗ್ಗೆಯಿಟ್ಟಾಗ ಹವಳದಿಬ್ಬದ ಮೇಲೆ ಬೇಕಾದಷ್ಟು ನೀರೇ ಇರಲಿಲ್ಲ. ಅದು ಸಪ್ತಮಿ ಅಷ್ಟಮಿಯ ಆಸುಪಾಸಿನ ಸಣ್ಣ ಉಬ್ಬರದ ಕಾಲ. ಸಾಲದ್ದಕ್ಕೆ ಚಂದ್ರ ಭೂಮಿಯಿಂದ ದೂರದಲ್ಲಿದ್ದ. ಅಲ್ಲಿ ಹಲವು ವರ್ಷ ನೆಲೆಸಿದ್ದವರೊಬ್ಬರು ಮೊದಲೇ ಎಚ್ಚರಿಸಿದ್ದರು. ದಿಬ್ಬಕ್ಕೆ ಸಿಕ್ಕಿಬಿದ್ದ ದೋಣಿಗಳಿಂದಿಳಿದ ಸೈನಿಕರು ಗುಂಡಿನ ಮಳೆಯಲ್ಲಿ ನೀರಿನಲ್ಲೇ ನಡೆದು ಹೋಗಬೇಕಾಯಿತು. 76 ಗಂಟೆಗಳ ಆ ಕದನದಲ್ಲಿ ಸಾವಿರಕ್ಕೂ ಹೆಚ್ಚು ಅಮೆರಿಕನ್ನರು ಸತ್ತರು. ಜಪಾನಿನ ಕಡೆಯವರು ನಾಲ್ಕು ಸಾವಿರಕ್ಕೂ ಮಿಗಿಲಾಗಿ ಮಡಿದರು.

ಇಷ್ಟಕ್ಕೂ ಈ ಸಾಗರ ಸಮತಟ್ಟಾದುದಲ್ಲ. ಸಮಭಾಜಕದ ಉದ್ದಕ್ಕೂ ಪೂರ್ವದಿಂದ ಪಶ್ಚಿಮಕ್ಕೆ ಬೀಸುವ ವಾಣಿಜ್ಯ ಮಾರುತಗಳು ಬಿಸಿಯಾದ ಮೇಲ್ನೀರನ್ನು ಇಂಡೊನೇಷ್ಯಾದ ಕಡೆಗೆ ತಳ್ಳಿ ಗುಡ್ಡೆ ಹಾಕಿರುತ್ತವೆ. ಹೀಗಾಗಿ ದಕ್ಷಿಣ ಅಮೆರಿಕದ ತೀರಕ್ಕಿಂತ ಪಶ್ಚಿಮದಲ್ಲಿ ಸಮುದ್ರ ಸುಮಾರು ಅರ್ಧ ಮೀಟರ್ ಎತ್ತರ. ಅಲ್ಲಿನ ನೀರು ಎಂಟು ಡಿಗ್ರಿಯಷ್ಟು ಹೆಚ್ಚು ಬೆಚ್ಚಗೆ. ಮಾರುತ ಸಡಿಲಿದ ವರ್ಷ ಆ ಬೆಚ್ಚನೆಯ ನೀರು ಪೂರ್ವಕ್ಕೆ ಹಿಂಜಾರುತ್ತದೆ, ಮೋಡಗಳೂ ಜೊತೆಗೆ ಹೊರಡುತ್ತವೆ. ಅದೇ ಎಲ್ ನಿನೊ. ಮಾರುತ ಬಿಗಿಯಾದರೆ ಲಾ ನಿನಾ.

ನಮ್ಮಲ್ಲಿ ಎಲ್ ನಿನೊ ಎಂದರೆ ಬರ, ಲಾ ನಿನಾ ಎಂದರೆ ಮಳೆ ಎಂಬ ಸರಳ ಸೂತ್ರ ರೂಢಿಗೆ ಬಂದಿದೆ. ಪೆಸಿಫಿಕ್ಕಿನಲ್ಲಿ ಈ ಸೂತ್ರ ದ್ವೀಪದಿಂದ ದ್ವೀಪಕ್ಕೆ ತಲೆಕೆಳಗಾಗುತ್ತದೆ. ಎಲ್ ನಿನೊ ಪ್ರಬಲವಾಗಿದ್ದಾಗ, 2016ರ ಫೆಬ್ರುವರಿಯಲ್ಲಿ, ಮಾರ್ಷಲ್ ದ್ವೀಪಗಳ ಸರ್ಕಾರ ಬರದ ಕಾರಣಕ್ಕೆ ತುರ್ತು ಸ್ಥಿತಿ ಘೋಷಿಸಿತು. ಅದರ ರಾಜಧಾನಿ ಮಜುರೊದಲ್ಲಿ ವಿಮಾನ ನಿಲ್ದಾಣದ ರನ್‌ವೇ ಮೇಲೆ ಬಿದ್ದ ಮಳೆನೀರನ್ನೇ ಹಿಡಿದು ಊರಿಗೆ ಕುಡಿಯಲು ಕೊಡುತ್ತಾರೆ. ಮಳೆ ನಿಂತರೆ ನಲ್ಲಿಯೂ ನಿಲ್ಲುತ್ತದೆ. ಮರುತಿಂಗಳೇ ಪಲಾವು ಸಹ ತುರ್ತು ಸ್ಥಿತಿ ಸಾರಿತು. ಇದಕ್ಕೆ ವಿರುದ್ಧವಾಗಿ ಟುವಾಲುವಿನ ಗಂಟಲು ಒಣಗಿದ್ದು 2011ರ ಲಾ ನಿನಾದಲ್ಲಿ. ಕುಟುಂಬಕ್ಕೆ ದಿನಕ್ಕೆ ಎರಡು ಬಕೆಟ್‌ನಂತೆ ನೀರಿನ ಪಡಿತರ ನಡೆದು, ಸಮುದ್ರದ ನೀರನ್ನು ಸಿಹಿಯಾಗಿಸುವ ಯಂತ್ರಗಳನ್ನು ನ್ಯೂಜಿಲೆಂಡ್ ವಿಮಾನದಲ್ಲಿ ಕಳುಹಿಸಬೇಕಾಯಿತು. 2022ರಲ್ಲಿ ಕಿರಿಬಾಟಿ ಬರದ ವಿಪತ್ತು ಘೋಷಿಸಿದ್ದೂ ಲಾ ನಿನಾ ಕಾಲದಲ್ಲೇ. ಸುತ್ತಲೂ ನೀರಿರುವ ದೇಶಗಳ ಮೊದಲ ಶತ್ರು ಬಾಯಾರಿಕೆ!

ಎಲ್ ನಿನೊದಲ್ಲಿ ಪಶ್ಚಿಮದ ಸಮುದ್ರ ತಗ್ಗುವುದರಿಂದ ಆಗುವ ಇನ್ನೊಂದು ಪರಿಣಾಮಕ್ಕೆ ಸಮೋವಾದ ಜನ ‘ತೈಮಾಸಾ’ ಎಂಬ ಹೆಸರಿಟ್ಟಿದ್ದಾರೆ. ದುರ್ನಾತದ ಇಳಿತ ಎಂದು ಅದರ ಭಾವ. ನೀರು ಎಂದಿನ ಮಟ್ಟಕ್ಕಿಂತ ಒಂದಡಿಯಷ್ಟು ಕೆಳಗಿಳಿದು ತಿಂಗಳುಗಟ್ಟಲೆ ಹಾಗೆಯೇ ಉಳಿದಾಗ ದಿಬ್ಬದ ನೆತ್ತಿಯ ಹವಳಗಳು ಬಿಸಿಲಿಗೆ ಸತ್ತು ಕೊಳೆಯುತ್ತವೆ. ಏರುವ ಕಡಲನ್ನಷ್ಟೇ ಕೇಳಿ ಬಲ್ಲ ನಮಗೆ, ಇಳಿಯುವ ಕಡಲೂ ಜೀವ ತೆಗೆಯುತ್ತದೆಂಬುದು ಹೊಸ ಮಾತು. ಚಂಡಮಾರುತಗಳ ದಾರಿಯೂ ಆಗ ಬದಲಾಗುತ್ತದೆ. ದಶಕಗಳ ಕಾಲ ದೊಡ್ಡ ಬಿರುಗಾಳಿಯನ್ನೇ ಕಾಣದಿದ್ದ ಟಹೀಟಿಯ ಸುತ್ತಿನ ಫ್ರೆಂಚ್ ಪಾಲಿನೇಷ್ಯಾವನ್ನು 1982–83ರ ಎಲ್ ನಿನೊ ಒಂದೇ ಋತುವಿನಲ್ಲಿ ಐದಾರು ಚಂಡಮಾರುತಗಳಿಂದ ಬಡಿಯಿತು.

ಸಮಭಾಜಕದ ತೀರ ಸಮೀಪದಲ್ಲಿ ಭೂಮಿಯ ಭ್ರಮಣೆ ಗಾಳಿಯನ್ನು ಸುಳಿಯಾಗಿ ತಿರುಗಿಸಲಾರದು. ಆದ್ದರಿಂದ ಕಿರಿಬಾಟಿಯಂತಹ ದೇಶಕ್ಕೆ ಚಂಡಮಾರುತದ ಭಯವಿಲ್ಲವೆಂದೇ ಪಠ್ಯಪುಸ್ತಕಗಳು ಹೇಳುತ್ತವೆ. 2015ರ ಮಾರ್ಚ್‌ನಲ್ಲಿ ‘ಪಾಮ್’ ಚಂಡಮಾರುತ ವನುವಾಟುವನ್ನು ಧ್ವಂಸಗೊಳಿಸಿದಾಗ ಅದರ ಅಲೆಗಳು ಸಾವಿರ ಕಿಲೊಮೀಟರಿಗೂ ಆಚೆಯ ಟುವಾಲು ಮತ್ತು ಕಿರಿಬಾಟಿಯ ದಕ್ಷಿಣ ದ್ವೀಪಗಳನ್ನು ಮುಳುಗಿಸಿದವು. ಟುವಾಲುವಿನ ಶೇ 45ರಷ್ಟು ಜನ ನೆಲೆ ತಪ್ಪಿದ್ದಾರೆಂದು ಅಂದಿನ ಪ್ರಧಾನಿ ಎನೆಲೆ ಸೊಪೊಆಗಾ ಹೇಳಿದ್ದರು. ಗಾಳಿ ಬಾರದ ಊರಿಗೆ ಗಾಳಿಯ ಅಲೆ ಬಂದಿತ್ತು.

ಈ ಸಾಗರದೊಂದಿಗೆ ನಮ್ಮ ನಂಟು ಹಳೆಯದು. 1899ರ ಮುಂಗಾರು ಕೈಕೊಟ್ಟು ಭೀಕರ ಕ್ಷಾಮ ತಲೆದೋರಿದ ಬಳಿಕ, 1904ರಲ್ಲಿ ಭಾರತದ ಹವಾಮಾನ ವೀಕ್ಷಣಾಲಯಗಳ ಮುಖ್ಯಸ್ಥರಾಗಿ ಬಂದ ಕೇಂಬ್ರಿಜ್‌ನ ಗಣಿತಜ್ಞ ಗಿಲ್ಬರ್ಟ್ ವಾಕರ್, ಮುಂಗಾರಿನ ಸುಳಿವನ್ನು ಜಗತ್ತಿನ ಮೂಲೆಮೂಲೆಯ ವಾಯುಭಾರದ ಅಂಕಿಗಳಲ್ಲಿ ಹುಡುಕಿದರು. ಪೆಸಿಫಿಕ್ಕಿನಲ್ಲಿ ವಾಯುಭಾರ ಏರಿದಾಗ ಹಿಂದೂ ಮಹಾಸಾಗರದ ಕಡೆ ಇಳಿಯುವ ತಕ್ಕಡಿಯಾಟವನ್ನು ಕಂಡು ಅದಕ್ಕೆ ‘ದಕ್ಷಿಣದ ಆಂದೋಲನ’ ಎಂದು ಹೆಸರಿಟ್ಟರು. ಇಂದಿಗೂ ಅದನ್ನು ಅಳೆಯುವುದು ಟಹೀಟಿ ದ್ವೀಪ ಮತ್ತು ಆಸ್ಟ್ರೇಲಿಯದ ಡಾರ್ವಿನ್ ನಗರಗಳ ವಾಯುಭಾರದ ವ್ಯತ್ಯಾಸದಿಂದ. ಮುಂಗಾರಿನ ಮುನ್ಸೂಚನೆಯ ಸುದ್ದಿಗಳಲ್ಲಿ ಬಂದುಹೋಗುವ ‘ನಿನೊ 3.4’ ಎಂಬ ವಲಯದೊಳಗೇ ಕಿರಿಬಾಟಿಯ ಕಿರಿಸ್ಮಸ್ ದ್ವೀಪ ಇದೆ. ಆ ನೀರು ಬಿಸಿಯೇರಿದ 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. 1997ರಲ್ಲಿ ಎಲ್ ನಿನೊ ಇನ್ನೂ ಪ್ರಬಲವಾಗಿದ್ದರೂ ಭಾರತದ ಮಳೆ ಸರಾಸರಿಯನ್ನು ಮುಟ್ಟಿತ್ತೆಂಬುದನ್ನೂ ಮರೆಯುವಂತಿಲ್ಲ. ಎಲ್ಲ ಬರವನ್ನೂ ಪೆಸಿಫಿಕ್ಕಿನ ಲೆಕ್ಕಕ್ಕೆ ಬರೆಯುವುದು ನಮ್ಮ ಆಡಳಿತಗಾರರಿಗೆ ಅನುಕೂಲವಾದ ಅಭ್ಯಾಸ.

ಆ ನೀರಿನ ಬಿಸಿಯನ್ನು ಅಳೆಯುವವರು ಯಾರು? 1982ರ ಎಲ್ ನಿನೊ ವಿಜ್ಞಾನಿಗಳ ಕಣ್ಣು ತಪ್ಪಿಸಿ ಬೆಳೆದ ಮೇಲೆ ಎಚ್ಚೆತ್ತ ಅಮೆರಿಕ ಮತ್ತು ಇತರ ದೇಶಗಳು ಸಮಭಾಜಕದ ಉದ್ದಕ್ಕೂ ಸುಮಾರು 70 ತೇಲುಮಾಪಕಗಳನ್ನು ಲಂಗರು ಹಾಕಿ ನಿಲ್ಲಿಸಿದವು. ಗಾಳಿ, ಮೇಲ್ನೀರು, ಐನೂರು ಮೀಟರ್ ಆಳದವರೆಗಿನ ನೀರು ಇವುಗಳ ವರದಿ ಉಪಗ್ರಹದ ಮೂಲಕ ಬರತೊಡಗಿತು. 1994ರಲ್ಲಿ ಪೂರ್ಣಗೊಂಡ ಆ ಜಾಲವನ್ನು ಕಾಯಲು ಒಂದು ಹಡಗು ಸದಾ ಓಡಾಡಬೇಕಿತ್ತು. 2012ರಲ್ಲಿ ವೆಚ್ಚದ ನೆಪದಲ್ಲಿ ಅಮೆರಿಕ ಆ ಹಡಗನ್ನು ನಿವೃತ್ತಿಗೊಳಿಸಿತು. ಎರಡು ವರ್ಷಗಳೊಳಗೆ ಅಮೆರಿಕದ ಪಾಲಿನ ಮಾಪಕಗಳಿಂದ ಬರುವ ಮಾಹಿತಿ ಶೇ 40ರ ಆಸುಪಾಸಿಗೆ ಕುಸಿಯಿತು. ಆಮೇಲೆ ಗದ್ದಲವಾಗಿ, ಜಾಲವನ್ನು ಸರಿಪಡಿಸಿ ಹೊಸದಾಗಿ ರೂಪಿಸುವ ಕೆಲಸ ಆರಂಭವಾಯಿತು. ಮೀನು ಗುಂಪುಗೂಡುತ್ತದೆಂದು ದೋಣಿಗಳವರು ಇದೇ ಮಾಪಕಗಳಿಗೆ ಹಗ್ಗ ಬಿಗಿದು ಹಾಳುಗೆಡಹುವುದೂ ಉಂಟು. 2025ರ ಆರಂಭದಲ್ಲಿ ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆಯಿಂದ ನೂರಾರು ನೌಕರರನ್ನು ಕೈಬಿಟ್ಟ ಸುದ್ದಿ ಬಂದಾಗ ನಮ್ಮಲ್ಲಿ ಅದು ವಿದೇಶಿ ರಾಜಕೀಯದ ಪುಟದಲ್ಲೇ ಉಳಿಯಿತು. ಕೃಷಿಯ ಪುಟಕ್ಕೆ ಬರಲಿಲ್ಲ.

2018ರಲ್ಲಿ ಅಮೆರಿಕದ ಭೂವಿಜ್ಞಾನ ಸಂಸ್ಥೆಯ ತಂಡವೊಂದು ಮಾರ್ಷಲ್ ದ್ವೀಪಗಳ ರಾಯ್-ನಮೂರ್ ಎಂಬಲ್ಲಿ ಮಾಡಿದ ಅಧ್ಯಯನವನ್ನು ಪ್ರಕಟಿಸಿತು. ಬಹುತೇಕ ಹವಳದ್ವೀಪಗಳು ಈ ಶತಮಾನದ ಮಧ್ಯಭಾಗದ ಹೊತ್ತಿಗೇ ವಾಸಕ್ಕೆ ಅಯೋಗ್ಯವಾಗಬಹುದು, ಅವು ಮುಳುಗುವ ಎಷ್ಟೋ ಮೊದಲೇ ಪದೇ ಪದೇ ಹಾಯುವ ಅಲೆ ಅವುಗಳ ಸಿಹಿನೀರನ್ನು ಕೆಡಿಸಿಬಿಡುತ್ತದೆ ಎಂಬುದು ಅದರ ತಿರುಳು. 2024ರ ಜನವರಿ 20ರ ರಾತ್ರಿ ಅದೇ ರಾಯ್-ನಮೂರ್‌ನ ಅಮೆರಿಕದ ಸೇನಾ ನೆಲೆಯ ಭೋಜನಶಾಲೆಯ ಬಾಗಿಲನ್ನು ಮುರಿದು ಅಲೆ ಒಳನುಗ್ಗಿದ ದೃಶ್ಯವನ್ನು ಲೋಕವೆಲ್ಲ ನೋಡಿತು. ಆಕಾಶದ ಕ್ಷಿಪಣಿಗಳನ್ನು ಪತ್ತೆಹಚ್ಚುವ ರಾಡಾರುಗಳಿರುವ ನೆಲೆಯದು. ಅಂತಹವರ ಗತಿಯೇ ಹಾಗಾದರೆ ತೆಂಗಿನ ಗರಿಯ ಮಾಡಿನ ಕೆಳಗಿರುವವರ ಪಾಡೇನು?

ಹಾಗೆಂದು ಈ ದ್ವೀಪಗಳಿಗೆ ಈಗಲೇ ಶ್ರದ್ಧಾಂಜಲಿ ಬರೆಯುವುದನ್ನು ನಾನು ಒಪ್ಪಲಾರೆ. ಟುವಾಲುವಿನ ಹಳೆಯ ಹೊಸ ಚಿತ್ರಗಳನ್ನು ಹೋಲಿಸಿದ ವಿಜ್ಞಾನಿಗಳು 1971ರಿಂದ 2014ರ ನಡುವೆ ಅದರ ನೆಲ ಶೇ 2.9ರಷ್ಟು ಹೆಚ್ಚಿರುವುದನ್ನು ಕಂಡರು. ಅಲೆ ಒಂದೆಡೆ ಕೊರೆದ ಮರಳನ್ನು ಇನ್ನೊಂದೆಡೆ ಸುರಿಯುತ್ತದೆ. ಸಮುದ್ರ ಏರುತ್ತಿರುವುದು ಸುಳ್ಳೆಂದು ಇದರ ಅರ್ಥವಲ್ಲ. ಪಶ್ಚಿಮ ಪೆಸಿಫಿಕ್ಕಿನ ಕೆಲವು ಭಾಗಗಳಲ್ಲಿ ಕಳೆದ ದಶಕಗಳಲ್ಲಿ ಅದು ಜಾಗತಿಕ ಸರಾಸರಿಯ ಎರಡು ಮೂರು ಪಟ್ಟು ವೇಗದಲ್ಲಿ ಏರಿದೆ. ಟುವಾಲುವಿನಿಂದ ವರ್ಷಕ್ಕೆ 280 ಜನರಿಗೆ ನೆಲೆ ನೀಡುವ ಆಸ್ಟ್ರೇಲಿಯದ ಒಪ್ಪಂದ 2024ರಲ್ಲಿ ಜಾರಿಗೆ ಬಂದದ್ದೂ ನಿಜ. ಆದರೆ ಹೋಗುವವರ ಮಾತು ಒಂದಾದರೆ ಉಳಿಯುವವರ ಮಾತು ಇನ್ನೊಂದು. ಉಳಿಯುವವರಿಗೆ ಬೇಕಾದದ್ದು ನಾಲ್ಕು ದಿನದ ಮುಂಚಿನ ಒಂದು ಸಂದೇಶ: ತೊಟ್ಟಿಯ ನೀರನ್ನು ಮುಚ್ಚಿಡಿ, ಮಕ್ಕಳನ್ನು ಒಳದಂಡೆಗೆ ಕಳುಹಿಸಿ, ದೋಣಿಗಳನ್ನು ಮೇಲೆಳೆಯಿರಿ.

ಆ ಸಂದೇಶವನ್ನು ಸಿದ್ಧಪಡಿಸುವುದಕ್ಕಿಂತ ತಲುಪಿಸುವುದೇ ಕಷ್ಟ. ಕಿರಿಬಾಟಿಯ ರಾಜಧಾನಿ ತಾರಾವಾದಿಂದ ಅದೇ ದೇಶದ ಕಿರಿಸ್ಮಸ್ ದ್ವೀಪಕ್ಕೆ ಮೂರು ಸಾವಿರ ಕಿಲೊಮೀಟರಿಗೂ ಹೆಚ್ಚು ದೂರ. ಪೆಸಿಫಿಕ್ ನಾಯಕರು 2021ರಲ್ಲಿ ಒಪ್ಪಿದ, ಮುನ್ಸೂಚನೆಯನ್ನು ಬಲಪಡಿಸುವ ಹತ್ತು ವರ್ಷಗಳ ಕಾರ್ಯಕ್ರಮದ ಅಂದಾಜು ವೆಚ್ಚ ಸುಮಾರು 16.7 ಕೋಟಿ ಡಾಲರ್. ಹತ್ತಾರು ದೇಶಗಳಿಗೆ, ಹತ್ತು ವರ್ಷಕ್ಕೆ ಇಷ್ಟು. ಅದನ್ನೂ ದಾನಿಗಳ ಮನೆಬಾಗಿಲಲ್ಲಿ ನಿಂತು ಕೂಡಿಸಬೇಕಾಗಿದೆ.

ಇಲ್ಲಿ ಭಾರತ ಕೊಡಬಹುದಾದದ್ದು ಹಣಕ್ಕಿಂತ ಹೆಚ್ಚಿನದು. ದಕ್ಷಿಣ ಮಹಾಸಾಗರದಿಂದ ಸಾಗಿಬಂದು ಗಾಳಿಯಿಲ್ಲದ ದಿನ ಕೇರಳದ ತೀರಕ್ಕೆ ನುಗ್ಗುವ ಇದೇ ಜಾತಿಯ ಅಲೆಯನ್ನು ಅಲ್ಲಿಯ ಬೆಸ್ತರು ‘ಕಳ್ಳಕ್ಕಡಲ್’ ಎನ್ನುತ್ತಾರೆ. 2012ರಲ್ಲಿ ಯುನೆಸ್ಕೊ ಕೂಡ ಆ ಹೆಸರನ್ನು ಅಂಗೀಕರಿಸಿತು. ಹೈದರಾಬಾದಿನಲ್ಲಿರುವ ಸಾಗರ ಮಾಹಿತಿ ಸೇವೆಗಳ ರಾಷ್ಟ್ರೀಯ ಕೇಂದ್ರ ಅದನ್ನು ದಿನಗಳ ಮೊದಲೇ ಲೆಕ್ಕಹಾಕಿ ಎಚ್ಚರಿಕೆ ಕೊಡುವ ವ್ಯವಸ್ಥೆಯನ್ನು ಕಟ್ಟಿದೆ. ನಮ್ಮ ಕರಾವಳಿಗೂ ಅದರ ಸೂಚನೆಗಳು ಬರುತ್ತವೆ. 2014ರಿಂದ 14 ಪೆಸಿಫಿಕ್ ದ್ವೀಪರಾಷ್ಟ್ರಗಳೊಂದಿಗೆ ಭಾರತ ಸಹಕಾರ ವೇದಿಕೆಯೊಂದನ್ನು ನಡೆಸಿಕೊಂಡು ಬಂದಿದೆ. ಆ ವೇದಿಕೆಯ ಮುಂದಿನ ಸಭೆಗೆ ಆಸ್ಪತ್ರೆ, ಸೌರಫಲಕಗಳ ಪಟ್ಟಿಯೊಂದಿಗೆ ಈ ವಿದ್ಯೆಯನ್ನೂ ಸೇರಿಸಿ, ತಾರಾವಾ ಮತ್ತು ಫುನಾಫುಟಿಯ ಹವಾಮಾನ ಕಚೇರಿಗಳ ತರುಣರನ್ನು ಹೈದರಾಬಾದಿಗೆ ಕರೆಸಿ ಕಲಿಸುವ ಏರ್ಪಾಡು ಮಾಡಲು ನಮ್ಮ ವಿದೇಶಾಂಗ ಇಲಾಖೆಗೆ ಇರುವ ಅಡ್ಡಿಯಾದರೂ ಏನು?